ಸರಕು ಸಾಗುವ ಬಗೆ

ಮನೆಯಲ್ಲಿ ಸಾರಿನ ಪುಡಿ ಕುಟ್ಟಿಸುವ ದಿನ ಬಂದರೆ, ನಮ್ಮ ತಾಯಂದಿರು ಬ್ಯಾಡಗಿ ಮೆಣಸಿನಕಾಯಿಯನ್ನೇ ತರಹೇಳುವರು. ಹಾವೇರಿ ಜಿಲ್ಲೆಯ ಬ್ಯಾಡಗಿಯು ಪುಣೆಯಿಂದ ಸುಮಾರು 500 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಯ ಕಾಯಿ ಖಾರಕ್ಕಿಂತಲೂ ಕೆಂಪು ಬಣ್ಣಕ್ಕೆ ಹೆಸರಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅದನ್ನು ಅಂಗಡಿಯಿಂದ ಕಾಲು ಕಿಲೋ ಕೊಂಡು ತರುವ ನಾವು, ಬೆಳೆದ ರೈತನ ಮುಖವನ್ನು ಕಂಡವರಲ್ಲ. ಅವನೂ ನಮ್ಮನ್ನು ಕಂಡವನಲ್ಲ. ಒಬ್ಬರನ್ನೊಬ್ಬರು ಕಾಣದವರ ನಡುವೆ ಸರಕು ತಪ್ಪದೆ ಬಂದು ಮುಟ್ಟುವುದು ಹೇಗೆ? ದಾರಿಯಲ್ಲಿ ಕೆಟ್ಟರೆ, ಕಳೆದರೆ, ಆ ನಷ್ಟ ಯಾರದು? ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದವನು ಸರಕು ಸಾಗಣೆಯ ಮರ್ಮವನ್ನು ತಿಳಿದಂತೆಯೇ.

ಇದನ್ನು ಕಣ್ಣಾರೆ ಕಾಣಬೇಕಾದರೆ, ಬೆಳಗಿನ ಜಾವದಲ್ಲಿ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗಬೇಕು. ಕಾಯಿಪಲ್ಯೆ, ಹಣ್ಣು, ಹೂವು, ಉಳ್ಳಾಗಡ್ಡಿ-ಬಟಾಟೆ, ಕಾಳುಕಡಿ ಇವುಗಳಿಗೆ ಅಲ್ಲಿ ಬೇರೆ ಬೇರೆ ವಿಭಾಗಗಳಿವೆ. ಕಾಳುಕಡಿ, ಬೆಲ್ಲ, ಒಣ ಮೆಣಸಿನಕಾಯಿ ಮೊದಲಾದವುಗಳ ಪೇಟೆಗೆ ಇಲ್ಲಿಯವರು ‘ಭುಸಾರ’ ಎನ್ನುವರು. ಕರ್ನಾಟಕದ ಮೆಣಸಿನಕಾಯಿ, ಹಸಿ ಶುಂಠಿ, ಬೇಸಗೆಯಲ್ಲಿ ಮಾವು, ಎಲ್ಲವೂ ಇಲ್ಲಿಗೆ ಬರುವುವು. ಸಾಲಾಗಿ ನಿಂತ ಲಾರಿಗಳ ಸಂಖ್ಯೆಯ ಹಲಗೆಯನ್ನು ಓದಿದರೆ ನಮ್ಮ ನಾಡೇ ಕಣ್ಣೆದುರು ನಿಂತಂತಾಗುವುದು. ಕೆಎ 22 ಎಂದರೆ ಬೆಳಗಾವಿ, ಕೆಎ 25 ಎಂದರೆ ಧಾರವಾಡ, ಕೆಎ 27 ಎಂದರೆ ಹಾವೇರಿ.

ಸಾಗಣೆಯಲ್ಲಿ ಮುಖ್ಯರಾದವರು ಮೂವರು: ಕಳಿಸುವವನು, ಸಾಗಿಸುವವನು, ಪಡೆಯುವವನು. ಬ್ಯಾಡಗಿಯ ವರ್ತಕನು ಮೊದಲನೆಯವನು. ಲಾರಿಯ ಕಂಪನಿಯವನು ಎರಡನೆಯವನು. ಯಾರ್ಡಿನ ಅಡತಿ ಅಂಗಡಿಯವನು ಮೂರನೆಯವನು. ಇವರ ನಡುವೆ ಬೆನ್ನು ಬಾಗಿಸಿ ದುಡಿಯುವ ಹಮಾಲರನ್ನು ಮರೆಯಬಾರದು. ಚೀಲವು ಬ್ಯಾಡಗಿಯಲ್ಲಿ ಲಾರಿಗೆ ಏರುವುದೂ ಪುಣೆಯಲ್ಲಿ ಇಳಿಯುವುದೂ ಅವರ ಹೆಗಲ ಮೇಲೆಯೇ. ತಲೆಯ ಮೇಲೆ ಹೊರೆ ಹೊರುವವರನ್ನು ಮರಾಠಿಯಲ್ಲಿ ‘ಮಾಥಾಡಿ’ ಎನ್ನುವರು. ಅವರ ಕೂಲಿ ಮತ್ತು ಕ್ಷೇಮಕ್ಕಾಗಿ ಮಹಾರಾಷ್ಟ್ರ ಸರಕಾರವು 1969ರಲ್ಲಿ ಒಂದು ಕಾಯಿದೆಯನ್ನೇ ಮಾಡಿತು.

ಹಿಂದಿನ ಕಾಲದಲ್ಲಿ ಸರಕು ಎತ್ತುಗಳ ಬೆನ್ನ ಮೇಲೆ ಸಾಗುತ್ತಿತ್ತು. ‘ಹೇರು’ ಎಂಬ ನಮ್ಮ ಮಾತು ಆ ಕಾಲದ್ದು. ಈಗ ಹೇರನ್ನು ಹೊರುವುದು ಲಾರಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾಗಳ ಮೇಲಿನಿಂದ ಬರುವ ದಾರಿ ರಾಷ್ಟ್ರೀಯ ಹೆದ್ದಾರಿ 48. ಹಿರಿಯರು ಅದನ್ನು ಇನ್ನೂ ಹಳೆಯ ಹೆಸರಿನಿಂದ ನಾಲ್ಕನೆಯ ನಂಬರಿನ ರಸ್ತೆ ಎಂದೇ ಕರೆಯುವರು. ಘಟಪ್ರಭಾ, ಪಂಚಗಂಗಾ, ಕೃಷ್ಣಾ, ನೀರಾ ನದಿಗಳನ್ನು ದಾಟಿ, ಖಂಬಾಟ್ಕಿ ಘಟ್ಟವನ್ನು ಹಾಯ್ದು ಲಾರಿಯು ಪುಣೆಯನ್ನು ಸೇರುವುದು.

ಇನ್ನು ಬಾಡಿಗೆಯ ಲೆಕ್ಕ. ಇಡಿಯ ಲಾರಿಯನ್ನು ಒಬ್ಬನೇ ಹಿಡಿದರೆ ಅದು ಪೂರ್ತಿ ಲೋಡು. ಹತ್ತಾರು ಜನರ ಗಂಟುಮೂಟೆಗಳನ್ನು ಕೂಡಿಸಿ ಒಯ್ದರೆ ಅದು ಪಾರ್ಸಲ್ ಸಾಗಣೆ. ಇದರಲ್ಲಿ ಪ್ರತಿಯೊಂದು ಗಂಟನ್ನೂ ಗೋಡೌನಿನಲ್ಲಿ ಇಳಿಸಿ, ವಿಂಗಡಿಸಿ, ಮತ್ತೆ ಏರಿಸಬೇಕಾಗುವುದರಿಂದ ಕಿಲೋಗೆ ತಗಲುವ ವೆಚ್ಚ ಹೆಚ್ಚು. ಮೂರು ಅಚ್ಚಿನ ಹತ್ತು ಗಾಲಿಯ ಲಾರಿ ತನ್ನ ತೂಕವೂ ಸೇರಿ 28.5 ಟನ್ನಿಗಿಂತ ಭಾರವಿರಕೂಡದೆಂದು 2018ರಿಂದ ನಿಯಮವಿದೆ; ಮೊದಲು ಈ ಮಿತಿ 25 ಟನ್ ಇತ್ತು. ಆದರೆ ಮೆಣಸಿನಕಾಯಿ ಹಗುರವಾದ ಸರಕು. ತೂಕದ ಮಿತಿ ಮುಟ್ಟುವ ಮೊದಲೇ ಲಾರಿ ತುಂಬಿಹೋಗುವುದು. ಆದುದರಿಂದ ಹಗುರ ಸರಕಿಗೆ ಬಾಡಿಗೆಯನ್ನು ಗೊತ್ತುಮಾಡುವಾಗ ಅದು ಹಿಡಿಯುವ ಜಾಗವನ್ನೂ ನೋಡುವರು.

ತಿರುಗಿ ಹೋಗುವ ಲಾರಿಯ ವಿಷಯವನ್ನೂ ಗಮನಿಸಬೇಕು. ಲೆಕ್ಕಕ್ಕಾಗಿ, ಹೋಗಿ ಬರುವ ಖರ್ಚು 40,000 ರೂಪಾಯಿ, ಲಾರಿಯಲ್ಲಿ 200 ಚೀಲ ಎಂದು ಹಿಡಿಯೋಣ. ಲಾರಿಯು ಬರಿದಾಗಿ ಮರಳಿದರೆ ಖರ್ಚೆಲ್ಲವೂ ಆ 200 ಚೀಲಗಳ ಮೇಲೆಯೇ ಬಿದ್ದು, ಚೀಲಕ್ಕೆ 200 ರೂಪಾಯಿ ಆಗುವುದು. ಮರಳುವಾಗ 15,000 ರೂಪಾಯಿ ಬಾಡಿಗೆಯ ಸರಕು ಸಿಕ್ಕರೆ ಉಳಿದ 25,000 ಮಾತ್ರ ಹಂಚಿ, ಚೀಲಕ್ಕೆ 125 ರೂಪಾಯಿ ಸಾಕಾಗುವುದು. ಲಾರಿಯವನು ಯಾರ್ಡಿನಲ್ಲಿ ಸರಕು ಇಳಿಸಿದ ಮೇಲೂ ಒಂದೆರಡು ದಿನ ಕಾದು ನಿಲ್ಲುವುದು ಏತಕ್ಕೆಂಬುದು ಇದರಿಂದ ತಿಳಿಯುವುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾಣದವರ ನಡುವೆ ನಂಬಿಕೆಯನ್ನು ಕಟ್ಟುವುದು ಕಾಗದ. 2007ರ ರಸ್ತೆ ಸಾಗಣೆ ಕಾಯಿದೆಯು 2011ರಲ್ಲಿ ಜಾರಿಗೆ ಬಂದಿತು. ಅದರಂತೆ ಕಳಿಸುವವನು ಸರಕಿನ ವಿವರವನ್ನೂ ಬೆಲೆಯನ್ನೂ ಬರೆದು ಒಂದು ರವಾನೆ ಚೀಟಿಯನ್ನು ಕೊಡಬೇಕು. ಸಾಗಿಸುವವನು ಸರಕನ್ನು ವಶಕ್ಕೆ ತೆಗೆದುಕೊಂಡು ರಸೀದಿಯನ್ನು ಕೊಡಬೇಕು. ಇದನ್ನೇ ಪೇಟೆಯಲ್ಲಿ ಬಿಲ್ಟಿ ಅಥವಾ ಎಲ್ಆರ್ ಎನ್ನುವರು. ‘ಇಷ್ಟು ಚೀಲ ನನ್ನ ವಶಕ್ಕೆ ಬಂದಿತು, ಇಂಥವರಿಗೆ ಮುಟ್ಟಿಸುವೆನು’ ಎಂಬುದೇ ಅದರ ಅರ್ಥ. ಇದರ ಹೊರತಾಗಿ, 50,000 ರೂಪಾಯಿಗೆ ಮೇಲ್ಪಟ್ಟ ತೆರಿಗೆಯುಳ್ಳ ಸರಕಿಗೆ 2018ರಿಂದ ಇ-ವೇ ಬಿಲ್ ಬೇಕು. ಸಾಮಾನ್ಯ ಲಾರಿಗೆ ಅದು 200 ಕಿಲೋಮೀಟರಿಗೆ ಒಂದು ದಿನದಂತೆ ನಡೆಯುವುದು. ಬ್ಯಾಡಗಿಯಿಂದ ಪುಣೆಗೆ ಎಷ್ಟು ದಿನವೆಂಬುದನ್ನು ನೀವೇ ಎಣಿಸಿರಿ.

ಎರಡನೆಯ ಪ್ರಶ್ನೆ, ನಷ್ಟ ಯಾರದು ಎಂಬುದು. ಇದಕ್ಕೆ ಉತ್ತರವನ್ನು ನಾವು ದುಡ್ಡು ತೆತ್ತು ಕಲಿತೆವು. ಕೆಲವು ವರ್ಷಗಳ ಹಿಂದೆ ಶಾಲೆಯ ಗ್ರಂಥಾಲಯಕ್ಕಾಗಿ ಧಾರವಾಡದಲ್ಲಿ ಸುಮಾರು 8,000 ರೂಪಾಯಿಯ ಪುಸ್ತಕಗಳನ್ನು ಕೊಂಡು, ಒಂದು ಪೆಟ್ಟಿಗೆಯಲ್ಲಿ ಕಟ್ಟಿಸಿ, ಲಾರಿಗೆ ಹಾಕಿಸಿದೆವು. ಬಾಡಿಗೆ 300 ರೂಪಾಯಿ. ರವಾನೆ ಚೀಟಿಯಲ್ಲಿ ‘ಪುಸ್ತಕ, ಪೆಟ್ಟಿಗೆ 1’ ಎಂದಷ್ಟೇ ಬರೆದು, ಬೆಲೆಯ ಅಂಕಣವನ್ನು ಖಾಲಿ ಬಿಟ್ಟೆವು. ಅದು ಮಳೆಗಾಲ. ದಾರಿಯಲ್ಲಿ ತಾಡಪತ್ರಿ ಹರಿದು, ಪೆಟ್ಟಿಗೆ ಮಾರ್ಕೆಟ್ ಯಾರ್ಡಿನ ಬಳಿಯ ಕಚೇರಿಗೆ ಬಂದಾಗ ನೀರು ಕುಡಿದು ಉಬ್ಬಿತ್ತು. ತೆರೆದು ನೋಡಿದರೆ ಹಾಳೆಗೆ ಹಾಳೆ ಅಂಟಿಕೊಂಡು ಪುಸ್ತಕಗಳು ಇಟ್ಟಿಗೆಯಂತಾಗಿದ್ದವು. ಹುಡುಗರು ಮೇಷ್ಟ್ರ ಮುಖವನ್ನು ನೋಡಿದರು. ನಮಗೆ ಮಾತು ಹೊರಡಲಿಲ್ಲ.

ಒಂದು ಒಳ್ಳೆಯ ಕೆಲಸವನ್ನು ಮಾತ್ರ ನಾವು ಮಾಡಿದ್ದೆವು. ಸಹಿ ಹಾಕುವ ಮೊದಲು ರಸೀದಿಯ ಮೇಲೆ ‘ಪೆಟ್ಟಿಗೆ ತೊಯ್ದಿದೆ’ ಎಂದು ಬರೆದು, ಕೂಡಲೆ ಲಿಖಿತ ನೋಟೀಸನ್ನೂ ಕೊಟ್ಟೆವು. ನ್ಯಾಯಾಲಯಕ್ಕೆ ಹೋಗಬೇಕಾದರೆ ಸರಕು ಬುಕ್ ಆದ ದಿನದಿಂದ 180 ದಿನಗಳೊಳಗೆ ನೋಟೀಸು ಕೊಟ್ಟಿರಲೇಬೇಕು. ಸಾಗಿಸುವವನ ಅಜಾಗ್ರತೆಯನ್ನು ತೋರಿಸಿಕೊಡುವ ಹೊರೆ ನಮ್ಮ ಮೇಲಿರಲಿಲ್ಲ. ಕಾಯಿದೆಯು ಅದನ್ನು ಕೇಳುವುದಿಲ್ಲ. ಆದರೂ ನಮ್ಮ ಕೈಗೆ ಬಂದುದು 3,000 ರೂಪಾಯಿ ಮಾತ್ರ. ಏಕೆಂದರೆ ಸಾಗಿಸುವವನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬೆಲೆಯನ್ನು ನಮೂದಿಸಿ ಹೆಚ್ಚಿನ ಹೊಣೆಯ ದರವನ್ನು ತೆತ್ತಿದ್ದರೆ ಈ ಮಿತಿ ಮೇಲೇರುತ್ತಿತ್ತು. ಖಾಲಿ ಬಿಟ್ಟ ಒಂದು ಅಂಕಣಕ್ಕಾಗಿ ಗ್ರಂಥಾಲಯದ 5,000 ರೂಪಾಯಿ ಹೋಯಿತು. ಇದೇ ತಪ್ಪನ್ನು ತನ್ನ ವರ್ಷದ ಬೆಳೆಯನ್ನು ಕಳಿಸುವ ರೈತನು ಮಾಡಿದರೆ ಅವನ ಗತಿಯೇನು? ಅದನ್ನು ನೆನೆದಾಗ ನಮ್ಮ ನಷ್ಟ ಸಣ್ಣದೆನಿಸಿತು.

ಸಮುದ್ರದ ಸಾಗಣೆಯಲ್ಲಿಯೂ ಇದೇ ನೀತಿ. 1956ರ ಏಪ್ರಿಲ್ 26ರಂದು ಅಮೇರಿಕದ ನ್ಯೂಅರ್ಕಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಕಂಟೇನರ್ ಯುಗ ಅಲ್ಲಿಂದ ಬೆಳೆಯಿತು. ಒಳಗಿನ ಸರಕನ್ನು ಮುಟ್ಟದೆ ಇಡಿಯ ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ ಎತ್ತಿಡುವುದರಿಂದ ಇಳಿಸಿ ಏರಿಸುವ ಖರ್ಚೂ ಕಳವೂ ಕಡಿಮೆಯಾದವು. ಪುಣೆಯ ಸುತ್ತಿನ ಸರಕು ಹೊರದೇಶಕ್ಕೆ ಹೋಗುವಾಗ 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿನಲ್ಲಿ ಹಡಗನ್ನು ಏರುವುದು. ಹಡಗಿನವರೂ ರಸೀದಿಯನ್ನು ಕೊಡುವರು. ಆದರೆ ಅದರ ಬೆಲೆ ಇನ್ನೂ ಹೆಚ್ಚು. ಅದನ್ನು ಕ್ರಮವಾಗಿ ಬರೆದು ಇನ್ನೊಬ್ಬನಿಗೆ ಕೊಟ್ಟರೆ ನಡುಗಡಲಿನಲ್ಲಿರುವ ಸರಕೇ ಅವನದಾಗಬಹುದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಮನೆಗಳಿಗೆ ಊರಿನಿಂದ ಅಕ್ಕಿ, ಮಾವು, ಜೋಳದ ಚೀಲಗಳು ಲಾರಿಯ ಮೇಲೆ ಬರುತ್ತಿರಬಹುದು. ಮುಂದಿನ ಸಲ ತಂದೆಯವರೊಡನೆ ಅದನ್ನು ಬಿಡಿಸಿಕೊಳ್ಳಲು ಹೋದಾಗ ರಸೀದಿಯನ್ನು ಕೈಗೆ ತೆಗೆದುಕೊಂಡು ಓದಿರಿ. ಚೀಲಗಳನ್ನು ಎಣಿಸಿ, ಹೊಲಿಗೆಯನ್ನು ನೋಡಿ, ಆಮೇಲೆ ಸಹಿ ಮಾಡಹೇಳಿರಿ. ನೀವೇ ಏನನ್ನಾದರೂ ಕಳಿಸುವ ದಿನ ಬಂದಾಗ ಬೆಲೆಯ ಅಂಕಣವನ್ನು ತುಂಬಲು ಮರೆಯದಿರಿ. ತೊಯ್ದ ಆ ಪುಸ್ತಕಗಳಲ್ಲಿ ಒಂದನ್ನು ನಾವು ಗ್ರಂಥಾಲಯದ ಕಪಾಟಿನಲ್ಲಿ ಹಾಗೆಯೇ ಇಟ್ಟಿದ್ದೇವೆ. ಅದನ್ನು ಓದಲು ಬಾರದು. ಆದರೂ ಅದರಿಂದ ಕಲಿಯಬೇಕಾದುದು ಇದೆ.