ಹಳೆಯ ದೋಣಿ ಕೊಳ್ಳುವ ಮುನ್ನ ಡೀಸೆಲ್ ಎಂಜಿನಿನ ಪರೀಕ್ಷೆ

ಹಳೆಯ ಯಾಂತ್ರಿಕ ಮೀನುಗಾರಿಕೆ ದೋಣಿಯನ್ನು ಕೊಳ್ಳುವವರು ಸಾಮಾನ್ಯವಾಗಿ ಹಲಗೆ, ಬಣ್ಣ, ಬಲೆಗಳನ್ನು ನೋಡಿ ಬೆಲೆ ಕಟ್ಟುತ್ತಾರೆ. ಆದರೆ ನಡುಗಡಲಿನಲ್ಲಿ ಎಂಜಿನ್ ನಿಂತುಹೋದರೆ ಹಿಡಿದ ಮೀನು ಮಾತ್ರವಲ್ಲ, ದೋಣಿಯಲ್ಲಿರುವವರ ಪ್ರಾಣವೂ ಅಪಾಯಕ್ಕೀಡಾಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಮುಂಗಡ ಕೊಡುವ ಮೊದಲೇ ಎಂಜಿನನ್ನು ಪರೀಕ್ಷಿಸತಕ್ಕದ್ದು.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗುಗಳು, ವಾಲ್ವುಗಳು ಸವೆದಿದ್ದರೆ ಈ ಒತ್ತಡ ಸೋರಿಹೋಗಿ, ತಣ್ಣಗಿರುವ ಎಂಜಿನ್ ಚಾಲೂ ಆಗಲು ತಿಣುಕುತ್ತದೆ. ಮಾರುವವರೂ ಇದನ್ನು ಬಲ್ಲರು. ಕೊಳ್ಳುವವರು ಬರುವ ಹೊತ್ತಿಗೆ ಎಂಜಿನ್ ಆಗಲೇ ಬಿಸಿಯಾಗಿದ್ದರೆ ಮರುದಿನ ಬೆಳಿಗ್ಗೆ ತಿಳಿಸದೆ ಬಂದು ನೋಡುವುದು ಲೇಸು.

ಚಾಲೂ ಮಾಡುವ ಮುನ್ನ ಅಳತೆಯ ಕಡ್ಡಿಯಿಂದ ಎಣ್ಣೆಯನ್ನು ನೋಡಬೇಕು. ಎಣ್ಣೆ ಕಪ್ಪಾಗಿರುವುದು ಡೀಸೆಲ್ ಎಂಜಿನಿಗೆ ಸಹಜ. ಅದು ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಹೊಚ್ಚಹೊಸ ಎಣ್ಣೆಯೂ ಭರವಸೆಯಲ್ಲ; ಅದನ್ನು ಹಿಂದಿನ ದಿನ ಬದಲಿಸಿರಬಹುದು.

ಅನಂತರ ಹೊಗೆ. ಪ್ರಾರಂಭದಲ್ಲಿ ತುಸು ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಅದು ನಿಲ್ಲದಿದ್ದರೆ ಇಂಧನ ಉರಿಯದೆ ಹೋಗುತ್ತಿದೆ, ಇಲ್ಲವೇ ಸಿಲಿಂಡರಿಗೆ ನೀರು ಸೇರುತ್ತಿದೆ. ಕಪ್ಪು ಹೊಗೆಗೆ ಗಾಳಿಯ ಕೊರತೆ, ಕೆಟ್ಟ ಇಂಜೆಕ್ಟರ್ ಅಥವಾ ಅತಿಯಾದ ಹೊರೆ ಕಾರಣ. ಇದು ಹಲವು ವೇಳೆ ಕಡಿಮೆ ಖರ್ಚಿನಲ್ಲಿ ಸರಿಹೋಗುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆಯೇ ಉರಿಯುತ್ತಿದೆ. ಎಂಜಿನ್ ಬಿಚ್ಚಬೇಕಾದ ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಕಳೆಯದೆ ಮಾತು ಮುಗಿಸಕೂಡದು.

ಲಾರಿಯ ಎಂಜಿನಿಗಿಲ್ಲದ ಶತ್ರುವೊಂದು ದೋಣಿಯ ಎಂಜಿನಿಗಿದೆ: ಉಪ್ಪುನೀರು. ತಂಪುಗೊಳಿಸುವ ನೀರಿನ ಕೊಳವೆಗಳ ಸಂದುಗಳಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅಲ್ಲಿ ಸೋರಿಕೆಯಿದೆ. ತುಕ್ಕನ್ನು ತನ್ನ ಮೇಲೆಳೆದುಕೊಳ್ಳಲೆಂದೇ ಇರಿಸಿದ ಸತುವಿನ ತುಂಡುಗಳು ಪೂರ್ತಿ ಕರಗಿದ್ದರೆ, ಬಹುಕಾಲದಿಂದ ಯಾರೂ ಅತ್ತ ನೋಡಿಲ್ಲವೆಂದು ತಿಳಿಯಬೇಕು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮುಂಬಯಿಯ ಸಸೂನ್ ಡಾಕ್ ಆಗಲಿ, ಚೆನ್ನೈನ ಕಾಶಿಮೇಡು ಆಗಲಿ, ಮಲ್ಪೆಯಾಗಲಿ, ನಿಂತ ದೋಣಿಯಲ್ಲಿ ಹೊರೆಯಿಲ್ಲದೆ ಓಡುವ ಎಂಜಿನ್ ತನ್ನ ದೋಷವನ್ನು ಬಚ್ಚಿಟ್ಟುಕೊಳ್ಳಬಲ್ಲುದು. ದಡಕ್ಕೆಳೆದ ದೋಣಿಯಲ್ಲಿ ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುವುದೂ ಉಂಟು. ಆದುದರಿಂದ ಬೆಲೆಯ ಒಂದು ಭಾಗವನ್ನು ಕಡಲಿನಲ್ಲಿ ಓಡಿಸಿ ನೋಡಿದ ಬಳಿಕವೇ ಕೊಡುವುದಾಗಿ ಕರಾರಿನಲ್ಲಿ ಬರೆಸಿಕೊಳ್ಳುವುದು ಯುಕ್ತ.

ಆ ಓಟದಲ್ಲಿ ಎಂಜಿನ್ ತಯಾರಕರು ಸೂಚಿಸಿದ ಪೂರ್ಣ ವೇಗವನ್ನು ಮುಟ್ಟಬೇಕು. ಅರ್ಧ ಗಂಟೆಯಾದರೂ ಶಾಖ, ಎಣ್ಣೆಯ ಒತ್ತಡಗಳೆರಡೂ ಸ್ಥಿರವಾಗಿರಬೇಕು. ವೇಗ ಮುಟ್ಟದಿದ್ದಲ್ಲಿ ದೋಣಿಯ ತಳಕ್ಕೆ ಚಿಪ್ಪು, ಪಾಚಿ ಹತ್ತಿರಬಹುದು, ಪ್ರೊಪೆಲರ್ ಅಳತೆ ಮೀರಿದ್ದಿರಬಹುದು, ಇಲ್ಲವೇ ಎಂಜಿನೇ ದುರ್ಬಲವಾಗಿರಬಹುದು. ಯಾವುದೆಂದು ನಿರ್ಧರಿಸಲು ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಬಲ್ಲ ಮೆಕ್ಯಾನಿಕನನ್ನು, ಮಾರುವವರ ಪರಿಚಯದವನಲ್ಲದವನನ್ನು, ಕರೆದೊಯ್ಯಬೇಕು.