ಲಾರಿ ಇಳಿದು ಲೈನ್ ಗಾಡಿ ಹತ್ತುವ ಚಾಲಕರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹೆಗ್ಗೋಡು, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸೋಡಾ, ತಂಪು ಪಾನೀಯ, ನೀರಿನ ಕ್ಯಾನ್ ಹಂಚುವ ಗಾಡಿಗೆ ಸೇರುವವರ ಗಮನಕ್ಕೆ. ಮುಂಬೈ, ಚೆನ್ನೈ ಎಂದು ವರ್ಷಗಟ್ಟಲೆ ಲಾರಿ ಓಡಿಸಿ, ಇನ್ನು ಮನೆ ಹತ್ತಿರ ದುಡಿಯೋಣವೆಂದು ಬಂದವರು ಇದನ್ನು ಪೂರ್ತಿ ಓದಿ. ಲಾರಿ ನಿಂತರೆ ನಿಮ್ಮ ಕೆಲಸ ಮುಗಿಯುತ್ತಿತ್ತು, ಇಳಿಸುವುದು ಹಮಾಲರ ಪಾಲು. ಇಲ್ಲಿ ಗಾಡಿ ನಿಂತ ಮೇಲೆಯೇ ಕೆಲಸ ಶುರು. ಪೆಟ್ಟಾಗುವುದೂ ಆಗಲೇ.

ಮಾಡಬೇಕಾದ್ದು

ಇಳಿದು ನೋಡಿಯೇ ರಿವರ್ಸ್ ತೆಗೆಯಬೇಕು. ಹೆದ್ದಾರಿಯಲ್ಲಿ ಅಪರೂಪಕ್ಕೆ ಹಿಂದಕ್ಕೆ ಹೋಗುತ್ತಿದ್ದವರು ಇಲ್ಲಿ ಅಂಗಡಿ ಅಂಗಡಿಯ ಮುಂದೆಯೂ ಹೋಗಬೇಕಾಗುತ್ತದೆ. ಗಾಡಿಯ ಬೆನ್ನಿಗೇ ಕೂತು ಆಡುವ ಮಗು, ಮಲಗಿದ ಕರು ಕನ್ನಡಿಯಲ್ಲಿ ಕಾಣುವುದಿಲ್ಲ. ಹೆಲ್ಪರ್ ನಿಮ್ಮ ಕಣ್ಣಿಗೆ ಬೀಳುವ ಹಾಗೆ ನಿಂತು ಕೈ ತೋರಿಸಬೇಕು. ಅವನು ಮರೆಯಾದರೆ ಆ ಕ್ಷಣ ಬ್ರೇಕ್. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಅಡಿಕೆ ಹರವಿರುತ್ತಾರೆ, ಗಾಡಿ ರಸ್ತೆಯಲ್ಲೇ ನಿಲ್ಲಿಸಿ ಹೊತ್ತುಕೊಂಡು ಹೋಗಿ. ಉಣುಗೋಲು ಸರಿಸಿ ಒಳಗೆ ಹೋದವರು ಕೂಡಲೇ ಮತ್ತೆ ಹಾಕಬೇಕು. ಬರುವಾಗ ಹಾಕಿದರಾಯಿತು ಎಂದರೆ ಅಷ್ಟರಲ್ಲಿ ದನ ತೋಟಕ್ಕೆ ನುಗ್ಗಿರುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಬದಿಗೆ ಹಾಕಿ. ನೀವು ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬಿದ್ದರೆ ಆ ಹೊಣೆ ನಿಮ್ಮದೇ.

20 ಲೀಟರಿನ ಕ್ಯಾನ್ ಎಂದರೆ ಒಳಗಿನ ನೀರೇ 20 ಕಿಲೋ. ಮಂಡಿ ಬಗ್ಗಿಸಿ, ಮೈಗೆ ಒತ್ತಿ ಹಿಡಿದು ಎತ್ತಿ. ತಿರುಗಬೇಕಾದರೆ ಕಾಲು ತಿರುಗಿಸಿ, ಸೊಂಟ ತಿರುಚಬೇಡಿ. ಸೀಟಿನಲ್ಲಿ ಕೂತು ಕೂತು ಬಿಗಿದ ಬೆನ್ನು ಒಂದೇ ದಿನದಲ್ಲಿ ಹೊರೆಗೆ ಹೊಂದುವುದಿಲ್ಲ. ಮೊದಲ ತಿಂಗಳು ಒಂದು ಸಲಕ್ಕೆ ಒಂದೇ ಕ್ರೇಟು, ಯಾರು ಅವಸರ ಮಾಡಿದರೂ ಸರಿ. ಹವಾಯಿ ಚಪ್ಪಲಿ ಮನೆಯಲ್ಲಿರಲಿ. ಮಳೆ ಹಿಡಿದ ಮೇಲೆ ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಪಾಚಿ ಕಟ್ಟುತ್ತದೆ, ಹಿಡಿತವಿರುವ ಶೂ ಬೇಕೇ ಬೇಕು.

ಲೋಡನ್ನು ಎರಡೂ ಬದಿಯಿಂದ ಸಮವಾಗಿ ಇಳಿಸುತ್ತಾ ಬನ್ನಿ. ಒಂದೇ ಬದಿ ಖಾಲಿಯಾದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಖಾಲಿ ಬಾಟಲಿಯ ಕ್ರೇಟಿಗೂ ಹಗ್ಗ ಕಟ್ಟಿ.

ತುಮರಿ, ಬ್ಯಾಕೋಡು ಲೈನಿನವರಿಗೆ ಮೊದಲು ಹೊಳೆಬಾಗಿಲಿನಲ್ಲಿ ಲಾಂಚ್ ಕಾಯುವಾಗ ಮೈ ಆರಿಸಿಕೊಳ್ಳಲು ಹೊತ್ತು ಸಿಗುತ್ತಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದ ಮೇಲೆ ಅದಿಲ್ಲ. ಉಳಿದ ಹೊತ್ತನ್ನೆಲ್ಲ ಹೆಚ್ಚಿನ ಅಂಗಡಿಗಳಿಗೆ ಸುರಿಯದೆ, ನಡುವೆ ಅರ್ಧ ಗಂಟೆ ನೀವೇ ಗಾಡಿ ನಿಲ್ಲಿಸಿ ಕೂರಬೇಕು.

ಗಾಡಿಯ ಒಟ್ಟು ತೂಕ 7500 ಕಿಲೋ ಮೀರದಿದ್ದರೆ ಎಲ್‌ಎಂವಿ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಹಾಗೆಂದು ಕಷ್ಟಪಟ್ಟು ಪಡೆದ ಹೆವಿ ಲೈಸೆನ್ಸನ್ನು ನವೀಕರಿಸದೆ ಬಿಡಬೇಡಿ.

ಮಾಡಬಾರದ್ದು

ಖಾಲಿ ಬಾಟಲಿಯ ಬಾಯೊಳಗೆ ಬೆರಳು ತೂರಿಸಿ ನಾಲ್ಕು ನಾಲ್ಕು ಎತ್ತಬೇಡಿ. ಅಂಚು ಒಡೆದದ್ದು ಗೊತ್ತಾಗುವುದು ಬೆರಳು ಕೊಯ್ದ ಮೇಲೆ.

ನೀರಿನ ಕ್ಯಾನ್, ಪಾನೀಯದ ಜೊತೆ ಮೈಲುತುತ್ತ, ಕೀಟನಾಶಕ, ಫಿನಾಯಿಲ್, ಸೀಮೆಎಣ್ಣೆ ಹಾಕಿಕೊಳ್ಳಬೇಡಿ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ‘ಅಣ್ಣಾ, ಹೇಗೂ ಸಾಗರದಿಂದ ಬರ್ತೀಯಲ್ಲ, ಒಂದು ಚೀಲ ತುತ್ತ ತಂದುಬಿಡು’ ಎಂದು ಪರಿಚಯದವರೇ ಕೇಳುತ್ತಾರೆ. ಇಲ್ಲವೆನ್ನಲು ಮುಜುಗರವಾಗುತ್ತದೆ, ಆದರೂ ಇಲ್ಲವೆನ್ನಿ. ಮಕ್ಕಳು ಕುಡಿಯುವ ನೀರು ಅದೇ ಹಲಗೆಯ ಮೇಲೆ ಬರುತ್ತದೆ.

ಹಿಂದಿನ ಡಾಲಾದಲ್ಲಿ ಯಾರನ್ನೂ ಕೂರಿಸಬೇಡಿ. ಸರಕಿನ ಗಾಡಿಯಲ್ಲಿ ಜನ ಸಾಗಿಸುವುದು ಅಪರಾಧ. ಮಳೆಯಲ್ಲಿ ಬಸ್ಸಿಗೆ ಕಾದು ನಿಂತ ಶಾಲೆ ಮಕ್ಕಳನ್ನು ಬಿಟ್ಟು ಹೋಗುವುದು ಕಷ್ಟವೇ. ಒಂದು ಕ್ರೇಟು ಜಾರಿ ಅವರ ಮೇಲೆ ಬೀಳುವುದು ಅದಕ್ಕಿಂತ ದೊಡ್ಡ ಕಷ್ಟ.

ಸಹಿ ಇಲ್ಲದೆ ಸರಕು ಇಳಿಸಬೇಡಿ. ಮಾಲೀಕರನ್ನು ಕೇಳದೆ ಉದ್ರಿ ಕೊಡಬೇಡಿ. ಅಂಗಡಿಯವರ ದುಡ್ಡನ್ನು ನಿಮ್ಮ ಸ್ವಂತ ಫೋನ್‌ಪೇಗೆ ಹಾಕಿಸಿಕೊಳ್ಳಲೇಬೇಡಿ. ಆ ದಿನದ ಕಲೆಕ್ಷನ್ ಆ ಸಂಜೆಯೇ ಕಟ್ಟಿ.

ಮಳೆಗಾಲದಲ್ಲಿ ಹುಲಿಕಲ್, ಆಗುಂಬೆ ಕಡೆ ಧರೆಯ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ, ಊಟಕ್ಕೂ ಬೇಡ. ಹೆಗ್ಗೋಡಿನಲ್ಲಿ ನೀನಾಸಂ ಎದುರು ಸಂಜೆ ನಾಟಕದ ಹೊತ್ತಿನಲ್ಲಿ ಹಾರ್ನ್ ಬೇಡ.

ಹಗಲು ಲೈನ್ ಮುಗಿಸಿ, ರಾತ್ರಿ ಹಳೆಯ ಲಾರಿ ಮಾಲೀಕರು ಕರೆದರೆಂದು ಮಂಗಳೂರಿಗೆ ಒಂದು ಟ್ರಿಪ್ ಹೋಗಬೇಡಿ. ಇದು ಎಲ್ಲಕ್ಕಿಂತ ಕಟ್ಟುನಿಟ್ಟು. ಲಾರಿ ಬಿಟ್ಟ ಮೊದಮೊದಲು ರಾತ್ರಿ ನಿದ್ದೆ ಹತ್ತುವುದಿಲ್ಲ, ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುತ್ತದೆ. ಗುಟ್ಕಾ, ಚಹಾದಿಂದ ಅದನ್ನು ತಡೆಯುವ ಹಳೆಯ ರೂಢಿ ಇಲ್ಲಿ ನಡೆಯದು. ನಿದ್ದೆ ಬಂದರೆ ನೆರಳಲ್ಲಿ ಗಾಡಿ ನಿಲ್ಲಿಸಿ ಮಲಗಿ, ತಡವಾದರೆ ಅಂಗಡಿಗೆ ಫೋನ್ ಮಾಡಿ ಹೇಳಿ.

ಮಾಲೀಕರಿಗೆ

1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟಿದ್ದ ಅಳತೆ ದಿನಕ್ಕೆ 8 ಗಂಟೆ, ವಾರಕ್ಕೆ 48. 5 ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ಲೋಡು ಹತ್ತಿಸುವ, ಇಳಿಸುವ ಹೊತ್ತನ್ನೂ ಇದರಲ್ಲೇ ಲೆಕ್ಕ ಹಿಡಿಯಬೇಕು. ಹೆಲ್ಪರ್ ಬಾರದ ದಿನ ಚಾಲಕರೊಬ್ಬರನ್ನೇ ಲೈನಿಗೆ ಕಳಿಸಬೇಡಿ.