ಕೇಪಿನ ರಿವಾಲ್ವರ್: ಮೊದಲ ಈಡಿಗೆ ಒಂಬತ್ತು ಸೂತ್ರಗಳು

ಅಮೆರಿಕದ ಅಂತರ್ಯುದ್ಧ ಕಾಲದ (1861–65) ರಿವಾಲ್ವರ್‌ಗಳ ಪ್ರತಿಕೃತಿಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಇಟಲಿಯ ಉಬರ್ಟಿ ಮತ್ತು ಪಿಯೆಟ್ಟಾ ಇವುಗಳ ಹೆಸರಾಂತ ತಯಾರಕರು. ಅಮೆರಿಕದ ಶೂಟಿಂಗ್ ರೇಂಜ್‌ಗಳಲ್ಲಿ ಇವನ್ನು ಹಾರಿಸುವುದು ಹಳೆಯ ಹವ್ಯಾಸ. ಇವಕ್ಕೆ ತೋಟಾ ಇಲ್ಲ. ಮದ್ದು, ಗುಂಡು, ಕಿಡಿ ಕೊಡುವ ಕೇಪು ಮೂರನ್ನೂ ಕೈಯಾರೆ ತುಂಬಬೇಕು. ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ ಕೆಲಸದ ಧಾಟಿ ಹೊಸದಲ್ಲ. ಆದರೆ ಇಲ್ಲಿ ತಿರುಗುವ ಸಿಲಿಂಡರ್‌ನಲ್ಲಿ ಆರು ಈಡು ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಅವಸರ ಮಾಡುವವರಿಗೆ ಇದು ತಕ್ಕ ಆಟವಲ್ಲ.

1. ಮೊದಲು ಕಾನೂನು ನೋಡಿ. ಅಮೆರಿಕದ 1968ರ ಫೆಡರಲ್ ಕಾಯ್ದೆ ಇಂಥ ಪ್ರತಿಕೃತಿಗಳನ್ನು ಪುರಾತನ ಆಯುಧಗಳ ಸಾಲಿಗೆ ಸೇರಿಸಿದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಅಲ್ಲಿರುವ ಕನ್ನಡಿಗರು ಇದನ್ನು ಊರಿಗೆ ತರುವ ಆಸೆ ಬಿಡುವುದೇ ಲೇಸು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಅಡ್ಡ ಬರುತ್ತದೆ.

2. ಉಕ್ಕಿನ ಫ್ರೇಮನ್ನೇ ಆರಿಸಿ. ಹಿತ್ತಾಳೆಯದು ಅಗ್ಗ, ನೋಡಲೂ ಚೆಂದ. ಆದರೆ ಭಾರಿ ಈಡು ಹಾರಿಸುತ್ತ ಹೋದರೆ ಸಡಿಲಾಗುತ್ತದೆ. 1851ರ ಕೋಲ್ಟ್ ನೇವಿಯನ್ನು ಬಿಚ್ಚಲು ಬೆಣೆ ತಟ್ಟಿ ನಳಿಗೆಯನ್ನೇ ಕಳಚಬೇಕು. 1858ರ ರೆಮಿಂಗ್ಟನ್‌ನಲ್ಲಿ ಪಿನ್ ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ಹೊಸಬರಿಗೆ ಎರಡನೆಯದು ಸಲೀಸು.

3. ಕರಿಮದ್ದಿನ ಬಗೆಯದು ಬಿಟ್ಟು ಬೇರೆ ಬೇಡ. ಕರಿಮದ್ದು, ಇಲ್ಲವೇ ಪೈರೋಡೆಕ್ಸ್‌ನಂಥ ಅದರ ಬದಲಿ ಮದ್ದು, ಅಷ್ಟೇ. ಆಧುನಿಕ ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕಕೂಡದು, ಸಿಲಿಂಡರ್ ಸಿಡಿಯುತ್ತದೆ.

4. ಗುಂಡು ಸಿಲಿಂಡರಿನ ರಂಧ್ರಕ್ಕಿಂತ ತುಸು ದಪ್ಪಗಿರಲಿ. .44 ಕ್ಯಾಲಿಬರ್‌ಗೆ ಸಾಮಾನ್ಯವಾಗಿ .451 ಅಥವಾ .454 ಇಂಚಿನ ಮೆದು ಸೀಸದ ಗುಂಡು. ಗುಂಡನ್ನು ಒಳತಳ್ಳುವ ಸನ್ನೆ ಒತ್ತಿದಾಗ ಅದರ ಸುತ್ತ ಸೀಸದ ತೆಳು ಉಂಗುರ ಕತ್ತರಿಸಿ ಬಿದ್ದರೆ ಅಳತೆ ಸರಿ. ಉಂಗುರ ಬೀಳದಿದ್ದರೆ ಗುಂಡು ಸಣ್ಣದು.

5. ತುಂಬುವ ಮೊದಲು ಕೇಪಿನ ಕಿಡಿ ಹೋಗುವ ದಾರಿ ಒಣಗಿಸಿ. ಎಣ್ಣೆ ಉಳಿದಿದ್ದರೆ ಮದ್ದು ತೇವವಾಗಿ ಈಡು ಠುಸ್ಸಾಗುತ್ತದೆ. ರೇಂಜ್‌ನಲ್ಲಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಕೇಪು ಕೂರುವ ಪ್ರತಿ ನಿಪ್ಪಲ್ ಮೇಲೆ ಬರಿ ಕೇಪು ಸಿಡಿಸಿ. ನಳಿಗೆಯ ಮುಂದಿನ ಹುಲ್ಲಿನ ಎಸಳು ಅಲುಗಿದರೆ ದಾರಿ ತೆರವು.

6. ಅಳೆದು ಹಾಕಿ, ಕ್ರಮ ತಪ್ಪಬೇಡಿ. ತಯಾರಕರ ಕೈಪಿಡಿ ಹೇಳಿದ ಮಿತಿಯೊಳಗೆ ಕಡಿಮೆ ಅಳತೆಯಿಂದ ಶುರುಮಾಡಿ. ಡಬ್ಬಿಯಿಂದ ನೇರ ಸುರಿಯಬೇಡಿ. ಒಳಗೆ ಕಿಡಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಹೊತ್ತಿಕೊಳ್ಳುತ್ತದೆ. ಮದ್ದು, ಗ್ರೀಸ್ ಸವರಿದ ಉಣ್ಣೆಯ ಬಿಲ್ಲೆ, ಆಮೇಲೆ ಗುಂಡು. ನಡುವೆ ಗಾಳಿ ಉಳಿಯಬಾರದು. ಮದ್ದು ಕಡಿಮೆಯಾಗಿ ಜಾಗ ಮಿಕ್ಕರೆ ಮೆಕ್ಕೆಜೋಳದ ರವೆ ತುಂಬುವುದು ಹಳೆಯ ರೂಢಿ. ಕೇಪು ಯಾವತ್ತೂ ಕೊನೆಗೆ, ಅದೂ ನಳಿಗೆ ಗುರಿಯತ್ತ ಇರುವಾಗ.

7. ಸರಣಿ ಸಿಡಿತಕ್ಕೆ ಅವಕಾಶ ಕೊಡಬೇಡಿ. ಒಂದು ಈಡಿನ ಬೆಂಕಿ ಪಕ್ಕದ್ದಕ್ಕೆ ಹಾರಿದರೆ ಎರಡು ಮೂರು ಒಟ್ಟಿಗೆ ಸಿಡಿಯುತ್ತವೆ. ಸಡಿಲ ಗುಂಡು, ಸಡಿಲ ಕೇಪು ಇದರ ಮುಖ್ಯ ಕಾರಣಗಳು. 10ನೇ ನಂಬರಿನ ಕೇಪೋ 11ನೆಯದೋ ನಿಮ್ಮ ನಿಪ್ಪಲ್‌ಗೆ ಬಿಗಿಯಾಗುವುದನ್ನೇ ಕೊಳ್ಳಿ. ಹಾರಿಸುವಾಗ ಇನ್ನೊಂದು ಕೈ ಸಿಲಿಂಡರ್‌ಗಿಂತ ಮುಂದೆ ಹೋಗಕೂಡದು. ಕೇಪಿನ ಚೂರು ಕಣ್ಣಿಗೆ ಹಾರುವುದುಂಟು. ಕನ್ನಡಕ ಕಡ್ಡಾಯ, ಕಿವಿಗೂ ರಕ್ಷಣೆ ಬೇಕು.

8. ಸಿಡಿಯದಿದ್ದರೆ ಕಾಯಿರಿ. ಕುದುರೆ (ಹ್ಯಾಮರ್) ಬಿದ್ದರೂ ಸದ್ದಿಲ್ಲವೆಂದರೆ ಈಡು ಸತ್ತಿದೆ ಎಂದಲ್ಲ, ತಡವಾಗಿ ಹೊತ್ತಬಹುದು. ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ನಿಲ್ಲಿ. ಆಮೇಲೆ ಹೊಸ ಕೇಪು. ನಳಿಗೆಯೊಳಗೆ ಇಣುಕುವ ಕುತೂಹಲ ಬೇಡವೇ ಬೇಡ.

9. ಅಂದೇ ತೊಳೆಯಿರಿ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ದುಬಾರಿ ದ್ರಾವಣವೇನೂ ಬೇಡ: ಬಿಸಿನೀರು, ಸೋಪು, ಬ್ರಷ್ ಸಾಕು. ನಿಪ್ಪಲ್‌ಗಳನ್ನು ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ, ತಿರುಪಿಗೆ ಗ್ರೀಸ್, ಉಳಿದಲ್ಲಿ ಎಣ್ಣೆ ಸವರಿ. ಒಂದು ಗಂಟೆ ಹಾರಿಸಿದರೆ ಇನ್ನೊಂದು ಗಂಟೆ ತೊಳೆಯುವುದಕ್ಕೆಂದೇ ಇಟ್ಟುಕೊಳ್ಳಿ. ಅಷ್ಟು ಪುರುಸೊತ್ತು ಇಲ್ಲದ ದಿನ ಈಡು ತುಂಬಲೇಬೇಡಿ.